‘ಓನ್ಲಿ’ ಎಲ್ಲಿ ಕೂರಬೇಕು, ಎಲ್ಲಿ ಬರಲೇಬಾರದು

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವಿದೇಶಿ ಗ್ರಾಹಕರ ಇಮೇಲ್ ವ್ಯವಹಾರ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಒಬ್ಬ ಗ್ರಾಹಕರಿಗೆ ‘ವಿ ವಿಲ್ ಸೆಂಡ್ ದ ಫೈಲ್ ಆನ್ ಫ್ರೈಡೇ ಓನ್ಲಿ’ ಎಂದು ಬರೆದೆ. ಶುಕ್ರವಾರವೇ ಕಳಿಸುತ್ತೇವೆ, ತಡ ಮಾಡುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಅವರು ‘ಅದಕ್ಕೂ ಮೊದಲು ಯಾಕೆ ಆಗುವುದಿಲ್ಲ?’ ಎಂದು ಸಿಟ್ಟಾದರು. ಇನ್ನೊಮ್ಮೆ ‘ವಿ ಓನ್ಲಿ ಟೆಸ್ಟೆಡ್ ದ ಪೇಮೆಂಟ್ ಪೇಜ್ ಆನ್ ಮಂಡೇ’ ಎಂದು ಬರೆದಾಗ, ‘ಉಳಿದ ಪುಟಗಳನ್ನು ಯಾಕೆ ಬಿಟ್ಟಿರಿ?’ ಎಂಬ ಉತ್ತರ ಬಂತು. ಸೋಮವಾರವಷ್ಟೇ ಟೆಸ್ಟ್ ಮುಗಿಯಿತು, ವರದಿಗೆ ಇನ್ನೆರಡು ದಿನ ಬೇಕು ಎನ್ನುವುದಷ್ಟೇ ನನಗೆ ಬೇಕಿತ್ತು. ‘ಓನ್ಲಿ ಯಾವ ಪದಕ್ಕೆ ಸೇರಿದೆಯೋ ಅದರ ಪಕ್ಕದಲ್ಲೇ ಇಡಿ, ಅಷ್ಟೇ ನಿಯಮ’ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ‘ನಮ್ಮ ಇಂಗ್ಲಿಷ್ ಇರುವುದೇ ಹೀಗೆ, ತಪ್ಪೇನಿಲ್ಲ’ ಎನ್ನುತ್ತಾರೆ ಇನ್ನೊಬ್ಬರು. ವ್ಯಾಕರಣ ತಿದ್ದುವ ಆ್ಯಪ್ ಒಮ್ಮೆ ಅದನ್ನು ಜರುಗಿಸುತ್ತದೆ, ಒಮ್ಮೆ ಸುಮ್ಮನಿರುತ್ತದೆ. ‘ಓನ್ಲಿ ದೆನ್ ಡಿಡ್ ಐ’, ‘ಓನ್ಲಿ ಇಫ್’ ಇವೂ ಸರಿಯಾಗಿ ಅರ್ಥವಾಗಿಲ್ಲ. ಈಗ ಈ ಪದ ಬರೆಯಲಿಕ್ಕೇ ಹೆದರಿಕೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಎರಡು ವಾಕ್ಯಗಳೂ ಎಡವಿರುವುದು ‘ಓನ್ಲಿ’ಯಲ್ಲೇ, ಆದರೆ ಕಾರಣ ಬೇರೆ ಬೇರೆ. ಮೊದಲನೆಯದರಲ್ಲಿ ಆ ಪದ ಬರಲೇಬಾರದಿತ್ತು. ಎರಡನೆಯದರಲ್ಲಿ ಬರಬಹುದಿತ್ತು, ಆದರೆ ಅದು ಕೂತ ಜಾಗದಿಂದ ಮೂರು ಅರ್ಥ ಹೊರಟವು, ಗ್ರಾಹಕರು ನಿಮಗೆ ಬೇಡದ್ದನ್ನು ಆರಿಸಿಕೊಂಡರು. ಸಹೋದ್ಯೋಗಿ ಹೇಳಿದ ನಿಯಮ ಎರಡನೆಯ ವಾಕ್ಯಕ್ಕೆ ಅರ್ಧ ಮದ್ದು, ಮೊದಲನೆಯದಕ್ಕೆ ಮದ್ದೇ ಅಲ್ಲ.

ಮೊದಲ ವಾಕ್ಯದಿಂದಲೇ ಶುರು ಮಾಡೋಣ. ಕನ್ನಡಿಗರಿಗೆ ನಿಜವಾದ ತೊಡಕು ಇರುವುದು ಅಲ್ಲಿ.

ಇಂಗ್ಲಿಷಿನ ‘ಓನ್ಲಿ’ಯ ಮೂಲ ಕೆಲಸ ಉಳಿದವನ್ನು ಹೊರಗಿಡುವುದು. ‘ಓನ್ಲಿ ದ ಮ್ಯಾನೇಜರ್ ಸೈನ್ಡ್’ ಎಂದರೆ ಮ್ಯಾನೇಜರ್ ಸಹಿ ಹಾಕಿದರು ಎಂಬುದು ಒಂದು, ಬೇರೆ ಯಾರೂ ಹಾಕಲಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೇಳಿದಂತಾಯಿತು. ನಮ್ಮ ಪದದ ಕೊನೆಗೆ ಅಂಟುವ ‘ಏ’ ಹಾಗಲ್ಲ. ‘ಅವಳು ಪತ್ತೇದಾರಿ ಕಾದಂಬರಿಗಳನ್ನೇ ಓದೋದು’ ಎಂದಾಗ ಅದು ಉಳಿದ ಪುಸ್ತಕಗಳನ್ನು ಹೊರಗಿಡುತ್ತದೆ, ನಿಜ. ಆದರೆ ‘ಇವತ್ತೇ ಕಳಿಸ್ತೀನಿ’, ‘ಇಲ್ಲೇ ಇದ್ದೀನಿ’, ‘ನಾನೇ ನೋಡಿದೆ’, ‘ಬಂದೇ ಬರ್ತೀನಿ’, ‘ಅವನು ಬರಲೇ ಇಲ್ಲ’ ಎಂಬಲ್ಲೆಲ್ಲ ಅದು ಒತ್ತು ಕೊಡುತ್ತದೆ, ಯಾರನ್ನೂ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಒಂದೇ ಪ್ರತ್ಯಯ, ಎರಡು ಕೆಲಸ. ‘ಓನ್ಲಿ’ಗೆ ಇದರಲ್ಲಿ ಒಂದೇ ಬರುತ್ತದೆ. ‘ಏ’ ಇದ್ದಲ್ಲೆಲ್ಲ ‘ಓನ್ಲಿ’ ಹಾಕಿದರೆ ಅರ್ಧಕ್ಕರ್ಧ ಸಲ ಹೇಳಬೇಕಾದ್ದು ಒಂದು, ಹೇಳಿದ್ದು ಇನ್ನೊಂದು ಆಗುತ್ತದೆ.

ಇದು ಕನ್ನಡಿಗರಿಗಷ್ಟೇ ಸೀಮಿತವಲ್ಲ. ಹಿಂದಿಯ ‘ಹೀ’, ತೆಲುಗಿನ ‘ಏ’, ತಮಿಳಿನ ‘ತಾನ್’ ಕೂಡ ಹೀಗೆ ಎರಡೂ ಕೆಲಸ ಮಾಡುತ್ತವೆ. ಅದಕ್ಕೇ ದೇಶದ ಉದ್ದಗಲಕ್ಕೂ ‘ಐ ಆಮ್ ಹಿಯರ್ ಓನ್ಲಿ’ ಕೇಳಿಸುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಭಾರತೀಯ ಇಂಗ್ಲಿಷಿನ ಒಂದು ಲಕ್ಷಣವೆಂದೇ ದಾಖಲಿಸಿದ್ದಾರೆ. ಹಾಗಾಗಿ ಇದು ಓದು ಸಾಲದವರ ತಪ್ಪು ಎಂದು ನಾಚಿಕೊಳ್ಳಬೇಕಾಗಿಲ್ಲ. ನಮ್ಮ ನಮ್ಮಲ್ಲಿ ಮಾತಾಡುವಾಗ ಯಾರಿಗೂ ಗೊಂದಲವಾಗುವುದೂ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಎರಡನೇ ಸಹೋದ್ಯೋಗಿ ಹೇಳಿದ್ದು ಸರಿ.

ಆದರೆ ಹೊರಗಿನ ಓದುಗರ ವಿಷಯದಲ್ಲಿ ಆ ಸಮಾಧಾನ ನಡೆಯುವುದಿಲ್ಲ. ‘ಆನ್ ಫ್ರೈಡೇ ಓನ್ಲಿ’ ವ್ಯಾಕರಣದ ಲೆಕ್ಕದಲ್ಲಿ ಪೂರ್ತಿ ಶುದ್ಧ. ‘ಶುಕ್ರವಾರ ಬಿಟ್ಟು ಬೇರೆ ದಿನ ಕಳಿಸುವುದಿಲ್ಲ’ ಎಂಬುದು ಅದರ ಸಹಜ ಅರ್ಥ. ವಾಕ್ಯ ಕೆಟ್ಟಿದ್ದರೆ ಓದುವವರು ‘ಏನೋ ತಪ್ಪಾಗಿದೆ’ ಎಂದು ಅನುಮಾನಿಸಿ ಕೇಳುತ್ತಿದ್ದರು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಬೇರೆ ಅರ್ಥವನ್ನೇ ಖಾತ್ರಿಯಾಗಿ ಓದಿಕೊಂಡರು. ತಿದ್ದುವ ಆ್ಯಪ್ ಸುಮ್ಮನಿದ್ದುದೂ ಇದೇ ಕಾರಣಕ್ಕೆ. ವಾಕ್ಯ ಶುದ್ಧವೋ ಅಲ್ಲವೋ ಅದು ನೋಡೀತು, ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಬರೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಕನ್ನಡ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡು ಅದರ ಹಿಂದೆ ‘ಬೇರೆ ಯಾರೂ ಅಲ್ಲ’, ‘ಬೇರೆ ಯಾವುದೂ ಅಲ್ಲ’, ‘ಬೇರೆ ಯಾವತ್ತೂ ಅಲ್ಲ’ ಇವುಗಳಲ್ಲಿ ಹೊಂದುವುದನ್ನು ಸೇರಿಸಿ. ‘ಶುಕ್ರವಾರವೇ ಕಳಿಸ್ತೀವಿ, ಬೇರೆ ಯಾವತ್ತೂ ಅಲ್ಲ.’ ನೀವು ಹೇಳಹೊರಟದ್ದು ಇದಲ್ಲ ತಾನೆ? ಹಾಗಿದ್ದರೆ ‘ಓನ್ಲಿ’ ಬೇಡ. ‘ಪತ್ತೇದಾರಿ ಕಾದಂಬರಿಗಳನ್ನೇ ಓದೋದು, ಬೇರೆ ಯಾವುದೂ ಅಲ್ಲ’ ಹೊಂದುತ್ತದೆ, ಅಲ್ಲಿ ‘ಓನ್ಲಿ’ ಹಾಕಿ. ‘ಏ’ ಇರುವ ಕಡೆ ‘ಮಾತ್ರ’ ಇಟ್ಟು ನೋಡಿ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ಬಹುಪಾಲು ನಡೆಯುತ್ತದೆ, ಆದರೆ ‘ಮಾತ್ರ’ಕ್ಕೂ ಒತ್ತು ಕೊಡುವ ಅಭ್ಯಾಸ ಇದೆ. ‘ಅದು ಮಾತ್ರ ಆಗಲ್ಲ’ ಎಂದರೆ ಉಳಿದದ್ದೆಲ್ಲ ಆಗುತ್ತದೆ ಎಂದು ಲೆಕ್ಕ ಕೊಟ್ಟಂತಲ್ಲ, ಖಡಾಖಂಡಿತವಾಗಿ ಇಲ್ಲ ಎಂದಂತೆ. ‘ಬೇರೆ ಯಾವುದೂ ಅಲ್ಲ’ ಎಂಬ ಬಾಲ ಹಾಗೆ ಮೋಸ ಮಾಡುವುದಿಲ್ಲ.

ಪರೀಕ್ಷೆಯಲ್ಲಿ ‘ಓನ್ಲಿ’ ಬಿದ್ದುಹೋದರೆ ಒತ್ತಿಗೆ ಬೇರೆ ದಾರಿ ಬೇಕು. ಇಂಗ್ಲಿಷಿನಲ್ಲಿ ‘ಏ’ಗೆ ಒಂದೇ ಪದ ಇಲ್ಲ, ಅದು ಏನಕ್ಕೆ ಅಂಟಿದೆ ಎಂಬುದರ ಮೇಲೆ ಬದಲಾಗುತ್ತದೆ. ಜಾಗಕ್ಕಾದರೆ ‘ರೈಟ್’: ‘ಇಲ್ಲೇ ಇದ್ದೀನಿ’ಗೆ ‘ಐ ಆಮ್ ರೈಟ್ ಹಿಯರ್’. ವ್ಯಕ್ತಿಗಾದರೆ ಎರಡು ಬಗೆ. ‘ನಾನೇ ನೋಡಿದೆ’ ಎಂದರೆ ಸ್ವತಃ ನೋಡಿದೆ ಎಂದಾದರೆ ‘ಐ ಸಾ ಇಟ್ ಮೈಸೆಲ್ಫ್’. ಹೇಳಿದ್ದು ಯಾರು ಎಂಬ ಪ್ರಶ್ನೆಗೆ ‘ಅವನೇ ಹೇಳಿದ್ದು’ ಎಂದಾದರೆ ‘ಹಿ ಈಸ್ ದ ಒನ್ ಹೂ ಟೋಲ್ಡ್ ಮಿ’. ಇದನ್ನು ‘ಹಿ ಓನ್ಲಿ ಟೋಲ್ಡ್ ಮಿ’ ಎಂದು ಬರೆದರೆ ‘ಅವನು ನನಗೆ ಹೇಳಿದ, ಅಷ್ಟೇ’ ಅಥವಾ ‘ನನಗೆ ಮಾತ್ರ ಹೇಳಿದ’ ಎಂದು ಓದುತ್ತಾರೆ. ಕ್ರಿಯಾಪದದ ಮುಂದೆ ನಿಂತ ‘ಓನ್ಲಿ’ ಹಿಂದಿರುವ ಕರ್ತೃವಿನ ಕಡೆ ನೋಡುವುದಿಲ್ಲ, ಮುಂದಿನದ್ದನ್ನೇ ಹಿಡಿಯುತ್ತದೆ.

‘ಅದನ್ನೇ ನಾನು ಹೇಳ್ತಿರೋದು’ ಎನ್ನಲು ‘ದಟ್ ಓನ್ಲಿ ಐ ಆಮ್ ಸೇಯಿಂಗ್’ ಬದಲು ‘ದಟ್ಸ್ ಎಗ್ಸ್ಯಾಕ್ಟ್ಲಿ ವಾಟ್ ಐ ಆಮ್ ಸೇಯಿಂಗ್’ ಎನ್ನಿ. ನಿಷೇಧದಲ್ಲಿ ‘ಬರಲೇ ಇಲ್ಲ’ಕ್ಕೆ ‘ಹಿ ಡಿಡ್ ನಾಟ್ ಕಮ್ ಅಟ್ ಆಲ್’ ಅಥವಾ ‘ಹಿ ನೆವರ್ ಕೇಮ್’. ‘ಹಿ ಡಿಡ್ ನಾಟ್ ಕಮ್ ಓನ್ಲಿ’ ಎಂದರೆ ಹೊರಗಿನವರಿಗೆ ತಲೆಬುಡ ತಿಳಿಯುವುದಿಲ್ಲ. ‘ಬಂದೇ ಬರ್ತೀನಿ’ಗೆ ‘ಐ ವಿಲ್ ಡೆಫಿನೆಟ್ಲಿ ಕಮ್’. ‘ಯಾಕೆ ಬಂದೆ?’ ‘ಸುಮ್ನೆ, ಹಾಗೇ’ ಎಂಬುದಕ್ಕೆ ‘ಲೈಕ್ ದಟ್ ಓನ್ಲಿ’ ಬೇಡ, ‘ನೋ ಪರ್ಟಿಕ್ಯುಲರ್ ರೀಸನ್’ ಸಾಕು.

ಸಮಯದ ಮಾತಿಗೆ ಬಂದರೆ ಬಹಳ ಜನ ‘ಓನ್ಲಿ’ ಬಿಟ್ಟು ‘ಟುಡೇ ಇಟ್‌ಸೆಲ್ಫ್’ಗೆ ಹೋಗುತ್ತಾರೆ. ಅದೂ ‘ಇವತ್ತೇ’ಯ ನೆರಳೇ, ಹೊರಗೆ ಅಷ್ಟೇ ವಿಚಿತ್ರವಾಗಿ ಕೇಳಿಸುತ್ತದೆ. ಗಡುವಿನ ಭರವಸೆ ಕೊಡಬೇಕಾದರೆ ‘ಬೈ ದ ಎಂಡ್ ಆಫ್ ಟುಡೇ’ ಎನ್ನಿ. ನಿಮ್ಮ ಮೊದಲ ವಾಕ್ಯಕ್ಕೆ ಮೂರು ರೂಪ ಸಾಧ್ಯ. ಶುಕ್ರವಾರವೇ ನಿಗದಿಯಾಗಿದ್ದು ಅದನ್ನು ಉಳಿಸಿಕೊಳ್ಳುತ್ತಿದ್ದೇವೆ ಎಂದಾದರೆ ‘ವಿ ವಿಲ್ ಸೆಂಡ್ ದ ಫೈಲ್ ಆನ್ ಫ್ರೈಡೇ, ಆಸ್ ಪ್ಲಾನ್ಡ್’. ಮೊದಲೇ ಆದರೂ ಆಗಬಹುದು, ತಡವಂತೂ ಇಲ್ಲ ಎಂದಾದರೆ ‘ಬೈ ಫ್ರೈಡೇ’. ಗಡುವಿಗೆ ಗಟ್ಟಿ ಒತ್ತು ಬೇಕಾದರೆ ‘ನೋ ಲೇಟರ್ ದ್ಯಾನ್ ಫ್ರೈಡೇ’. ಕೊನೆಯದು ಕರಾರಿನ ಮಾತಿನಂತೆ ಕೇಳಿಸುತ್ತದೆ, ಮಾತು ತಪ್ಪುವ ಸಂಭವ ಇದ್ದರೆ ಬರೆಯಬೇಡಿ.

ಈಗ ಎರಡನೆಯ ವಾಕ್ಯ. ‘ವಿ ಓನ್ಲಿ ಟೆಸ್ಟೆಡ್ ದ ಪೇಮೆಂಟ್ ಪೇಜ್ ಆನ್ ಮಂಡೇ.’ ಇಲ್ಲಿ ‘ಓನ್ಲಿ’ ಕ್ರಿಯಾಪದದ ಮುಂದಿದೆ. ಆ ಜಾಗದಿಂದ ಅದು ಮುಂದಿರುವ ಯಾವುದನ್ನು ಬೇಕಾದರೂ ಹಿಡಿಯಬಲ್ಲದು. ‘ಟೆಸ್ಟೆಡ್’ ಹಿಡಿದರೆ ಟೆಸ್ಟ್ ಮಾಡಿದ್ದಷ್ಟೇ, ದೋಷ ಸರಿಪಡಿಸಲಿಲ್ಲ. ‘ಪೇಮೆಂಟ್ ಪೇಜ್’ ಹಿಡಿದರೆ ಆ ಪುಟ ಮಾತ್ರ, ಉಳಿದವು ಬಾಕಿ. ‘ಆನ್ ಮಂಡೇ’ ಹಿಡಿದರೆ ಸೋಮವಾರವಷ್ಟೇ ಆಯಿತು. ಮಾತಿನಲ್ಲಾದರೆ ‘ಮಂಡೇ’ ಮೇಲೆ ಧ್ವನಿ ಏರಿಸುತ್ತಿದ್ದಿರಿ, ಗೊಂದಲವೇ ಇರುತ್ತಿರಲಿಲ್ಲ. ಬರವಣಿಗೆಯಲ್ಲಿ ಆ ಧ್ವನಿ ಕಳೆದುಹೋಗುತ್ತದೆ. ‘ಓನ್ಲಿ’ಯ ಎಡವಟ್ಟುಗಳು ಮಾತಿಗಿಂತ ಇಮೇಲಿನಲ್ಲಿ ಹೆಚ್ಚಾಗುವುದು ಇದಕ್ಕೇ.

‘ಪಕ್ಕದಲ್ಲೇ ಇಡಬೇಕು’ ಎಂಬ ನಿಯಮ ಹಳೆಯದು. 18ನೇ ಶತಮಾನದಲ್ಲಿ ರಾಬರ್ಟ್ ಲೌತ್‌ರಂಥ ವ್ಯಾಕರಣಕಾರರು ಇದನ್ನು ಪ್ರತಿಪಾದಿಸಿದರು, ಶಾಲಾ ವ್ಯಾಕರಣಗಳು ಅದನ್ನೇ ಹೇಳುತ್ತ ಬಂದವು. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ಇಂಗ್ಲಿಷ್ ಪದಬಳಕೆಯ ತಮ್ಮ ಕೋಶದಲ್ಲಿ ಇದರ ಅತಿರೇಕವನ್ನು ಸರಿಯಾಗಿಯೇ ಟೀಕಿಸಿದರು. ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ ಎಂದರೆ ಯಾರಿಗೂ ಅರ್ಥ ಕೆಡುವುದಿಲ್ಲ, ಅದನ್ನು ತಿದ್ದಲು ಹೊರಡುವುದು ವ್ಯರ್ಥ ಎಂಬುದು ಅವರ ನಿಲುವು. ಇಂಗ್ಲಿಷನ್ನು ಮನೆಮಾತಾಗಿ ಆಡುವವರು ಸಹಜವಾಗಿ ‘ಓನ್ಲಿ’ಯನ್ನು ಕ್ರಿಯಾಪದದ ಮುಂದೆಯೇ ಇಡುತ್ತಾರೆ. ಸಹಾಯಕ ಕ್ರಿಯಾಪದ ಇದ್ದರೆ ಅದರ ನಂತರ: ‘ಐ ಹ್ಯಾವ್ ಓನ್ಲಿ ರೆಡ್ ಟೂ ಚಾಪ್ಟರ್ಸ್’. ‘ಈಸ್’, ‘ವಾಸ್’ ಇದ್ದರೂ ಅದರ ನಂತರ: ‘ಶಿ ವಾಸ್ ಓನ್ಲಿ ಟೆನ್’. ಇದನ್ನು ತಪ್ಪು ಎನ್ನುವುದು ಭಾಷೆ ನಡೆಯುವ ರೀತಿಯನ್ನೇ ತಪ್ಪು ಎಂದಂತೆ.

ಪಕ್ಕದಲ್ಲೇ ಇಟ್ಟರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. ‘ಓನ್ಲಿ’ ಮುಂದಿನ ಪದವನ್ನಷ್ಟೇ ಅಲ್ಲ, ಹಿಂದಿನ ನಾಮಪದವನ್ನೂ ಹಿಡಿಯಬಲ್ಲದು. ‘ಸ್ಟಾಫ್ ಓನ್ಲಿ’, ‘ಕ್ಯಾಶ್ ಓನ್ಲಿ’ ಎಂಬ ಫಲಕಗಳನ್ನು ನೋಡಿಲ್ಲವೇ? ಹಾಗಾಗಿ ಎರಡು ಪದಗಳ ನಡುವೆ ಸಿಕ್ಕಿಕೊಂಡರೆ ಎರಡೂ ಕಡೆ ಎಳೆತ. ಔಷಧದ ಸೂಚನೆಯನ್ನೇ ನೋಡಿ. ‘ಟೇಕ್ ಓನ್ಲಿ ಒನ್ ಟ್ಯಾಬ್ಲೆಟ್ ಅಟ್ ನೈಟ್’ ಎಂದರೆ ರಾತ್ರಿ ಒಂದಕ್ಕಿಂತ ಹೆಚ್ಚು ಬೇಡ. ಹಗಲಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ‘ಟೇಕ್ ಒನ್ ಟ್ಯಾಬ್ಲೆಟ್ ಓನ್ಲಿ ಅಟ್ ನೈಟ್’ ಎಂದು ಬದಲಿಸಿದರೆ ‘ಒಂದೇ ಮಾತ್ರೆ, ರಾತ್ರಿ’ ಎಂದೂ ಓದಬಹುದು, ‘ಒಂದು ಮಾತ್ರೆ, ರಾತ್ರಿ ಮಾತ್ರ’ ಎಂದೂ ಓದಬಹುದು. ಜಾಗ ಬದಲಿಸಿ ಬದಲಿಸಿ ಇದನ್ನು ಸರಿ ಮಾಡಲು ಹೋಗಬೇಡಿ. ‘ಟೇಕ್ ಒನ್ ಟ್ಯಾಬ್ಲೆಟ್ ಅಟ್ ನೈಟ್. ಡು ನಾಟ್ ಟೇಕ್ ಇಟ್ ಡ್ಯೂರಿಂಗ್ ದ ಡೇ. ಡು ನಾಟ್ ಟೇಕ್ ಮೋರ್ ದ್ಯಾನ್ ಒನ್.’ ಮೂರು ಸಣ್ಣ ವಾಕ್ಯ, ‘ಓನ್ಲಿ’ಯೇ ಇಲ್ಲ, ಸಂದೇಹವೂ ಇಲ್ಲ.

ಹಾಗಾದರೆ ನಿಮ್ಮೆದುರು ಮೂರು ದಾರಿ ಇವೆ. ಕ್ರಿಯಾಪದದ ಮುಂದಿನ ಸಹಜ ಜಾಗ ಮಾತುಕತೆಗೆ, ಚಾಟ್‌ಗೆ, ಒಂದೇ ಅರ್ಥ ಸಾಧ್ಯವಿರುವ ವಾಕ್ಯಕ್ಕೆ ಒಳ್ಳೆಯದು. ವಾಕ್ಯದಲ್ಲಿ ಕರ್ಮ, ಸಮಯ, ಜಾಗ ಎಲ್ಲ ಇದ್ದರೆ ಅದು ಅಪಾಯಕಾರಿ. ಪಕ್ಕದಲ್ಲೇ ಇಡುವುದು ಕರಾರು, ಸೂಚನೆ, ವರದಿಗಳಿಗೆ ಹೊಂದುತ್ತದೆ, ಅದರಲ್ಲೂ ಅಂಕಿಯ ಮುಂದೆ: ‘ದ ಲೈಸೆನ್ಸ್ ಕವರ್ಸ್ ಓನ್ಲಿ ಫೈವ್ ಯೂಸರ್ಸ್’. ಆದರೆ ಎಲ್ಲ ಕಡೆ ಇದನ್ನೇ ಹಿಡಿದರೆ ಬರಹ ಬಿಗಿಯಾಗುತ್ತದೆ, ನಡುವೆ ಸಿಕ್ಕಿಕೊಳ್ಳುವ ತೊಂದರೆಯೂ ಉಳಿಯುತ್ತದೆ. ಮೂರನೆಯದು ‘ಓನ್ಲಿ’ ತೆಗೆದು ಅದರ ಎರಡು ಅರ್ಧಗಳನ್ನೂ ಬಿಡಿಸಿ ಬರೆಯುವುದು. ‘ವಿ ಟೆಸ್ಟೆಡ್ ದ ಪೇಮೆಂಟ್ ಪೇಜ್. ವಿ ಹ್ಯಾವ್ ನಾಟ್ ಟೆಸ್ಟೆಡ್ ದ ಅದರ್ ಪೇಜಸ್ ಯೆಟ್.’ ಉದ್ದ ಹೆಚ್ಚು, ಆದರೆ ಹಣ, ಆರೋಗ್ಯ, ಗಡುವು ಸೇರಿದ ಕಡೆ ನಾನು ಸದಾ ಇದನ್ನೇ ಸೂಚಿಸುತ್ತೇನೆ. ‘ಓನ್ಲಿ’ ಬದಲು ‘ಜಸ್ಟ್’ ಹಾಕುವವರಿದ್ದಾರೆ. ‘ಜಸ್ಟ್’ಗೆ ‘ಈಗ ತಾನೆ’, ‘ಸರಿಯಾಗಿ’ ಎಂಬ ಅರ್ಥಗಳೂ ಇರುವುದರಿಂದ ಹಳೆಯ ಗೊಂದಲ ಹೋಗಿ ಹೊಸದು ಬರುತ್ತದೆ.

ಇನ್ನು ನಿಮಗೆ ಬೇಕಿದ್ದ ‘ಸೋಮವಾರವಷ್ಟೇ’. ಸಮಯದ ಜೊತೆ ಬಂದ ‘ಓನ್ಲಿ’ಗೆ ‘ಅದಕ್ಕಿಂತ ಮುಂಚೆ ಅಲ್ಲ’ ಎಂಬ ಅರ್ಥ ಉಂಟು. ‘ಐ ಓನ್ಲಿ ಗಾಟ್ ಯುವರ್ ಮೇಲ್ ಯೆಸ್ಟರ್ಡೇ’ ನಮ್ಮ ‘ನಿನ್ನೆಯಷ್ಟೇ ಸಿಕ್ಕಿತು’ಗೆ ಪಕ್ಕಾ ಸಮ. ಇಲ್ಲಿ ಕನ್ನಡದ ‘ಅಷ್ಟೇ’ಯನ್ನು ನಂಬಬಹುದು. ಅರ್ಥ ಇನ್ನೂ ಬಿಗಿಯಾಗಬೇಕೆಂದರೆ ‘ನಾಟ್ ಅಂಟಿಲ್’ ಇದೆ: ‘ವಿ ಡಿಡ್ ನಾಟ್ ಟೆಸ್ಟ್ ದ ಪೇಜ್ ಅಂಟಿಲ್ ಮಂಡೇ’. ‘ಸೋಮವಾರದವರೆಗೆ ಮಾಡಲಿಲ್ಲ’ ಎಂಬ ಕನ್ನಡದಿಂದ ಸೋಮವಾರ ಕೆಲಸ ಆಯಿತೋ ಇಲ್ಲವೋ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲಿ ಆಯಿತು ಎಂದೇ ಅರ್ಥ. ಆದರೆ ಇದರಲ್ಲಿ ತಡವಾದದ್ದನ್ನು ಒಪ್ಪಿಕೊಂಡ ಧ್ವನಿ ಇದೆ. ನಿಮ್ಮ ಉದ್ದೇಶ ಅದಲ್ಲವಾದ್ದರಿಂದ ‘ವಿ ಟೆಸ್ಟೆಡ್ ದ ಪೇಮೆಂಟ್ ಪೇಜ್ ಆನ್ ಮಂಡೇ, ಸೋ ದ ರಿಪೋರ್ಟ್ ವಿಲ್ ಬಿ ರೆಡಿ ಆನ್ ವೆನ್ಸ್‌ಡೇ’ ಎಂದು ನೇರ ಬರೆದಿದ್ದರೆ ಸಾಕಿತ್ತು.

ಅಳತೆಯ ‘ಓನ್ಲಿ’ಯಲ್ಲೂ ಎಚ್ಚರ ಬೇಕು. ‘ಓನ್ಲಿ 40 ಪೀಪಲ್ ಕೇಮ್’ ಎಂದರೆ ಲೆಕ್ಕ ಹೇಳಿದ್ದಷ್ಟೇ ಅಲ್ಲ, ಕಡಿಮೆಯಾಯಿತು ಎಂಬ ತೀರ್ಪೂ ಸೇರಿತು. ವ್ಯಕ್ತಿಯ ಕೆಲಸದ ಮುಂದೆ ಬಂದರೆ ಅದು ನೋಯಿಸುತ್ತದೆ. ‘ಶಿ ಈಸ್ ಓನ್ಲಿ ಎ ಕ್ಲರ್ಕ್’ ಎಂಬುದು ನಮ್ಮ ‘ಬರೀ ಗುಮಾಸ್ತೆ’ಯಷ್ಟೇ ಚುಚ್ಚುವ ಮಾತು. ಬರೀ ಲೆಕ್ಕ ಬೇಕಾದರೆ ‘40 ಪೀಪಲ್ ಕೇಮ್ ಇನ್ ಆಲ್’ ಎಂದು ಬರೆಯಿರಿ.

ಕೆಲವು ಜೋಡಿಪದಗಳು ಹಾಗೆಯೇ ಕಲಿತುಬಿಡುವಂಥವು. ‘ಓನ್ಲಿ ಟೂ ಹ್ಯಾಪಿ’ ಎಂದರೆ ತುಂಬ ಸಂತೋಷದಿಂದ, ಇಲ್ಲಿ ಕಡಿಮೆಯ ಅರ್ಥ ಇಲ್ಲವೇ ಇಲ್ಲ. ‘ಓನ್ಲಿ ಜಸ್ಟ್’ ಎಂದರೆ ಸ್ವಲ್ಪದರಲ್ಲಿ, ಅಥವಾ ಈಗಷ್ಟೇ. ‘ಹಿ ರಶ್ಡ್ ದೇರ್, ಓನ್ಲಿ ಟು ಫೈಂಡ್ ಇಟ್ ಕ್ಲೋಸ್ಡ್’ ಎಂದರೆ ಓಡಿ ಹೋದ, ನೋಡಿದರೆ ಬಾಗಿಲು ಹಾಕಿತ್ತು.

‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’ ನಿಮಗೆ ತಿರುಗುಮುರುಗಾಗಿ ಕಂಡದ್ದು ಸಹಜ. ‘ಓನ್ಲಿ’ಯೊಳಗೆ ಒಂದು ‘ಇಲ್ಲ’ ಅಡಗಿದೆ, ಮೊದಲು ಅರ್ಥವಾಗಿರಲಿಲ್ಲ ಎಂಬ ‘ಇಲ್ಲ’. ‘ನೆವರ್ ಹ್ಯಾವ್ ಐ ಸೀನ್’ ಎಂಬಲ್ಲಿ ನಿಷೇಧ ಪದ ವಾಕ್ಯದ ತಲೆಗೆ ಬಂದರೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರುವಂತೆ ಇಲ್ಲಿಯೂ ಬರುತ್ತದೆ. ಎಡವುವುದು ಎರಡು ಕಡೆ. ‘ಓನ್ಲಿ ವೆನ್ ದ ಟೆಸ್ಟ್ ಎಂಡೆಡ್ ಡಿಡ್ ವಿ ಸೀ ದ ಎರರ್’ ಎಂಬಂಥದ್ದರಲ್ಲಿ ಈ ತಿರುವು ಮುಖ್ಯ ವಾಕ್ಯಕ್ಕೆ ಮಾತ್ರ, ‘ವೆನ್’ ಭಾಗ ಇದ್ದ ಹಾಗೇ ಇರುತ್ತದೆ. ಇನ್ನೊಂದು, ‘ಓನ್ಲಿ’ ಕರ್ತೃವನ್ನೇ ಹಿಡಿದಿದ್ದರೆ ತಿರುವೇ ಇಲ್ಲ: ‘ಓನ್ಲಿ ದ ಮ್ಯಾನೇಜರ್ ನೋಸ್’. ಇಮೇಲಿನಲ್ಲಿ ಈ ರಚನೆ ಸ್ವಲ್ಪ ಭಾರ. ‘ಐ ಅಂಡರ್‌ಸ್ಟುಡ್ ಓನ್ಲಿ ದೆನ್’ ಎಂದರೂ ಕೆಲಸ ನಡೆಯುತ್ತದೆ.

‘ಇಫ್ ಓನ್ಲಿ’ ಹಂಬಲದ ಮಾತು. ‘ಇಫ್ ಓನ್ಲಿ ಐ ಹ್ಯಾಡ್ ನೋನ್’ ಎಂದರೆ ‘ಮೊದಲೇ ಗೊತ್ತಿದ್ದಿದ್ದರೆ!’ ಇದು ಅಷ್ಟು ಬೇಗ ತಪ್ಪುವಂಥದ್ದಲ್ಲ. ಕಷ್ಟ ಇರುವುದು ‘ಓನ್ಲಿ ಇಫ್’ನಲ್ಲಿ, ಅದರಲ್ಲೂ ಹಣದ ವಿಷಯದಲ್ಲಿ. ‘ವಿ ವಿಲ್ ರೀಫಂಡ್ ದ ಫೀ ಇಫ್ ಯು ಕ್ಯಾನ್ಸಲ್ ಬಿಫೋರ್ ಫ್ರೈಡೇ’ ಎಂದರೆ ಶುಕ್ರವಾರಕ್ಕೆ ಮುಂಚೆ ರದ್ದು ಮಾಡಿದರೆ ಹಣ ವಾಪಸ್ ಬಂದೇ ಬರುತ್ತದೆ. ತಡವಾದರೆ ಏನು ಎಂಬುದನ್ನು ಅದು ಹೇಳಿಲ್ಲ. ‘ಓನ್ಲಿ ಇಫ್’ ಎಂದು ಬದಲಿಸಿದರೆ, ಅಂದರೆ ‘ರದ್ದು ಮಾಡಿದರೆ ಮಾತ್ರ’ ಎಂದರೆ, ತಡವಾದವರಿಗೆ ಹಣ ಇಲ್ಲ ಎಂಬುದು ಖಚಿತವಾಯಿತು. ಆದರೆ ಸಮಯಕ್ಕೆ ರದ್ದು ಮಾಡಿದವರಿಗೆಲ್ಲ ಸಿಗುತ್ತದೆ ಎಂಬ ಭರವಸೆ ಈಗ ಹೋಯಿತು. ರಸೀದಿ ಬೇಕು, ಅರ್ಜಿ ಬೇಕು ಎಂದು ಇನ್ನೂ ಷರತ್ತುಗಳಿರಬಹುದು. ಓದುವವರು ಮಾತ್ರ ಬಹುಪಾಲು ಎರಡೂ ಭರವಸೆ ಸಿಕ್ಕಿತು ಎಂದೇ ತಿಳಿಯುತ್ತಾರೆ, ಜಗಳ ಹುಟ್ಟುವುದು ಅಲ್ಲೇ. ಗಣಿತದಲ್ಲಿ ಎರಡೂ ಬೇಕಾದಾಗ ‘ಇಫ್ ಆ್ಯಂಡ್ ಓನ್ಲಿ ಇಫ್’ ಎನ್ನುತ್ತಾರೆ, ಗ್ರಾಹಕರ ಪತ್ರದಲ್ಲಿ ಅದು ಒಪ್ಪುವುದಿಲ್ಲ. ‘ಇಫ್ ಯು ಕ್ಯಾನ್ಸಲ್ ಬಿಫೋರ್ ಫ್ರೈಡೇ, ವಿ ವಿಲ್ ರೀಫಂಡ್ ದ ಫುಲ್ ಫೀ. ಇಫ್ ಯು ಕ್ಯಾನ್ಸಲ್ ಆನ್ ಫ್ರೈಡೇ ಆರ್ ಲೇಟರ್, ದೇರ್ ಈಸ್ ನೋ ರೀಫಂಡ್’ ಎಂದು ಎರಡು ಸಾಲು ಬರೆಯಿರಿ. ಬೇರೆ ಷರತ್ತು ಇದ್ದರೆ ಅದಕ್ಕೆ ಮೂರನೆಯ ಸಾಲು.